ಬಾಕಿ ಬಿಲ್ಲುಗಳ ಪಟ್ಟಿ: ಪೈಥಾನ್‌ನಲ್ಲಿ ಒಟ್ಟುಗೂಡಿಸುವ ಕ್ರಮ

ಸಾಲಕ್ಕೆ ಮಾಲು ಕೊಟ್ಟ ತಯಾರಕರಿಗೆ ಬಾಕಿಯ ಪಟ್ಟಿಯೇ ಆಧಾರ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ 15ನೇ ಪ್ರಕರಣದಂತೆ, ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಖರೀದಿದಾರರು ಹಣ ಸಲ್ಲಿಸುವ ಅವಧಿಯು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ 16ನೇ ಪ್ರಕರಣದಂತೆ ಚಕ್ರಬಡ್ಡಿ ಸಲ್ಲುತ್ತದೆ. ಆದರೆ ಪಟ್ಟಿಯಿಂದಲೇ ಬಿಟ್ಟುಹೋದ ಬಿಲ್ಲನ್ನು ಕೇಳುವವರು ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಅಂಗಡಿಗಳಿಗೆ ಹೆಂಚು ಒದಗಿಸುವ ಕಾರ್ಖಾನೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಬಿಲ್ಲುಗಳು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿವೆ. ಇದನ್ನು ಬಳಸುವ ಸೌಲಭ್ಯವು 2006ರ 2.5ನೇ ಆವೃತ್ತಿಯಿಂದ ಪೈಥಾನ್‌ನೊಂದಿಗೇ ಬರುತ್ತಿರುವುದರಿಂದ ಪ್ರತ್ಯೇಕ ವೆಚ್ಚವಿಲ್ಲ. 45 ದಿನ ಮೀರಿದ ಬಿಲ್ಲುಗಳು ಕ್ರಮವಾಗಿ 12, 7 ಮತ್ತು 9, ಒಟ್ಟು 28.

ಮೊದಲು ಖಾಲಿ ಪಟ್ಟಿಯೊಂದನ್ನು ರಚಿಸಬೇಕು. ಬಳಿಕ ಪ್ರತಿ ತಾಲ್ಲೂಕಿಗೂ ಎಕ್ಸಿಕ್ಯೂಟ್ ಆದೇಶದಿಂದ ಪ್ರಶ್ನೆ ಕಳುಹಿಸಿ, ಫೆಚ್‌ಆಲ್ ಆದೇಶದಿಂದ ಉತ್ತರ ಪಡೆದು, ಅದನ್ನು ಪಟ್ಟಿಗೆ ಸೇರಿಸಬೇಕು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸುವುದು ಅಗತ್ಯ.

ಒಂದು: ಫೆಚ್‌ಆಲ್ ಕೊಡುವುದು ಒಂದು ಬಿಲ್ಲನ್ನಲ್ಲ, ಬಿಲ್ಲುಗಳ ಕಟ್ಟನ್ನು. ಅಪೆಂಡ್ ಬಳಸಿದರೆ ಕಟ್ಟು ಬಿಚ್ಚದೆ ಹಾಗೆಯೇ ಒಳಸೇರುತ್ತದೆ. ಎಣಿಸಿದರೆ 28ರ ಬದಲು 3 ಎಂದು ಬರುತ್ತದೆ. ಎಕ್ಸ್‌ಟೆಂಡ್ ಬಳಸಿದರೆ ಕಟ್ಟು ಬಿಚ್ಚಿ ಒಂದೊಂದೇ ಬಿಲ್ಲು ಸೇರುತ್ತದೆ.

ಎರಡು: ಖಾಲಿ ಪಟ್ಟಿಯನ್ನು ಪುನರಾವರ್ತನೆಯ ಒಳಗೆ ರಚಿಸಬಾರದು. ಹಾಗೆ ಮಾಡಿದರೆ ಪ್ರತಿ ಸುತ್ತಿನಲ್ಲೂ ಹಿಂದಿನದು ಅಳಿದು, ಕೊನೆಗೆ ಬ್ರಹ್ಮಾವರದ 9 ಬಿಲ್ಲುಗಳಷ್ಟೇ ಉಳಿಯುತ್ತವೆ. ಗಣಕಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ.

ಮೂರು: ಮೊತ್ತದ ಕಾಲಂ ಒಂದನ್ನೇ ಕೇಳಿದರೂ ಪ್ರತಿ ಸಾಲು ಟಪಲ್ ರೂಪದಲ್ಲಿಯೇ ಬರುತ್ತದೆ. ಕೂಡುವ ಮುನ್ನ ಅದರ ಮೊದಲ ಅಂಶವನ್ನು, ಅಂದರೆ ಸೊನ್ನೆಯ ಸ್ಥಾನದಲ್ಲಿರುವುದನ್ನು, ತೆಗೆದುಕೊಳ್ಳಬೇಕು.

ಇಷ್ಟಾದರೂ ತಾಳೆ ನೋಡದೆ ಪಟ್ಟಿಯನ್ನು ನಂಬಲಾಗದು. ಗುಮಾಸ್ತರು ಎಲ್ಲೋ ಒಂದೆಡೆ ‘ಬೈಂದೂರು’ ಎಂಬುದನ್ನು ‘ಬೈಂದೂರ್’ ಎಂದು ನಮೂದಿಸಿದ್ದರೆ ಆ ಬಿಲ್ಲು ಯಾವ ತಾಲ್ಲೂಕಿನ ಉತ್ತರದಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ತಾಲ್ಲೂಕಿನ ಹೆಸರನ್ನು ಬಿಟ್ಟು, 45 ದಿನ ಮೀರಿದ ಒಟ್ಟು ಬಿಲ್ಲುಗಳೆಷ್ಟು ಎಂದು ಕೌಂಟ್ ಮೂಲಕ ಮತ್ತೊಮ್ಮೆ ಕೇಳಬೇಕು. ಉತ್ತರ 29 ಬಂದು ಪಟ್ಟಿಯಲ್ಲಿ 28 ಇದ್ದರೆ, ಆ ಒಂದು ಬಿಲ್ಲನ್ನು ಹುಡುಕಿದ ನಂತರವೇ ವಸೂಲಿಗೆ ಹೊರಡುವುದು ಲೇಸು. ದಿನದ ಕೊನೆಗೆ ರೋಕಡ ತಾಳೆ ನೋಡುವ ವರ್ತಕರಿಗೆ ಇದು ಹೊಸ ಅಭ್ಯಾಸವೇನೂ ಅಲ್ಲ.