ಮನೆ ಸಾಬೂನು ಗೆಲ್ಲಲು ಎಂಟು ಸೂತ್ರಗಳು

ತಿಪಟೂರು, ಅರಸೀಕೆರೆ ಕಡೆಯ ಮನೆಗಳಲ್ಲಿ ಕೊಬ್ಬರಿಗೆ ಬರವಿಲ್ಲ. ಎಣ್ಣೆ ಕೈಯಲ್ಲಿದ್ದರೆ ಸಾಬೂನಿಗೆ ಇನ್ನು ಬೇಕಾದದ್ದು ಕಾಸ್ಟಿಕ್ ಸೋಡಾ, ನೀರು, ಒಳ್ಳೆಯ ತಕ್ಕಡಿ ಮತ್ತು ಒಂದೂವರೆ ತಿಂಗಳ ತಾಳ್ಮೆ. ಮನೆಮಂದಿಯೆಲ್ಲ ಸೇರಿ ಮಾಡಬಹುದಾದ ಕೆಲಸವಿದು. ಶಿಸ್ತು ತಪ್ಪದಿದ್ದರೆ ಮುಂದೆ ನಾಲ್ಕು ಕಾಸನ್ನೂ ತರುತ್ತದೆ.

1. ಒಂದೇ ಸಾಬೂನನ್ನು ಚೆನ್ನಾಗಿ ಕಲಿಯಿರಿ. ಬೇವು, ಕಡಲೆಹಿಟ್ಟು, ಕಾಫಿಪುಡಿ ಎಂದು ಮೊದಲ ದಿನವೇ ಹತ್ತು ಬಗೆಗೆ ಕೈಹಾಕಬೇಡಿ. ಬರಿಯ ಕೊಬ್ಬರಿ ಎಣ್ಣೆಯ ಸಾಬೂನು ಸಾಕು: ಎಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 73 ಗ್ರಾಂ, ನೀರು 180 ಗ್ರಾಂ. ಅಷ್ಟೂ ಎಣ್ಣೆ ಸಾಬೂನಾಗಲು ಸುಮಾರು 91 ಗ್ರಾಂ ಸೋಡಾ ಬೇಕು. ಬೇಕೆಂದೇ ಐದನೇ ಒಂದು ಪಾಲು ಕಡಿಮೆ ಹಾಕುತ್ತೇವೆ. ಕೊಬ್ಬರಿ ಎಣ್ಣೆಯ ಸಾಬೂನು ನೊರೆ ಚೆನ್ನಾಗಿ ಕೊಟ್ಟರೂ ಚರ್ಮವನ್ನು ಒಣಗಿಸುತ್ತದೆ. ಹಾಗೇ ಉಳಿದ ಎಣ್ಣೆ ಅದನ್ನು ತಡೆಯುತ್ತದೆ.

2. ಲೋಟದಲ್ಲಿ ಅಳೆಯಬೇಡಿ, ತೂಗಿ. ಅರ್ಧ ಲೀಟರ್ ಕೊಬ್ಬರಿ ಎಣ್ಣೆ ತೂಗುವುದು ಸುಮಾರು 460 ಗ್ರಾಂ ಮಾತ್ರ. ಎಣ್ಣೆ ಬದಲಾದರೆ ಲೆಕ್ಕವೂ ಬದಲು: 500 ಗ್ರಾಂ ಹರಳೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 64 ಗ್ರಾಂ ಸೋಡಾ ಸಾಕು. ಕೊಬ್ಬರಿ ಎಣ್ಣೆಯ ಅಳತೆಯನ್ನು ಹರಳೆಣ್ಣೆಗೆ ಬಳಸಿದರೆ ಸಾಬೂನು ಮೈ ಸುಡುತ್ತದೆ. ಚರಂಡಿ ಸ್ವಚ್ಛ ಮಾಡುವ ಪುಡಿ ಬೇಡ. ಶುದ್ಧತೆ ಬರೆದಿರುವ ಸೋಡಾ ಕೊಳ್ಳಿ.

3. ಸೋಡಾಕ್ಕೆ ಹೆದರಬೇಡಿ, ಸದರವೂ ಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕನ್ನಡಕ, ಕೈಗವಸು, ತುಂಬುತೋಳಿನ ಅಂಗಿ ಹಾಕಿ ಕಿಟಕಿ ತೆರೆದಿಡಿ. ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಕಬೇಕು. ಸೋಡಾದ ಮೇಲೆ ನೀರು ಸುರಿದರೆ ಉಕ್ಕಿ ಸಿಡಿಯುತ್ತದೆ. ಒಲೆಯಿಲ್ಲದೆಯೇ ಆ ನೀರು ಕೈ ಸುಡುವಷ್ಟು ಬಿಸಿಯಾಗಿ ಘಾಟು ಬರುತ್ತದೆ, ಮುಖ ಬಗ್ಗಿಸಬೇಡಿ. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಅನ್ನು ಸೋಡಾ ತಿನ್ನುತ್ತದೆ, ಹೊತ್ತಿ ಉರಿಯಬಲ್ಲ ಹೈಡ್ರೋಜನ್ ಅನಿಲ ಹೊರಬರುತ್ತದೆ. ಮೈಮೇಲೆ ಬಿದ್ದರೆ ವಿನಿಗರ್ ಹುಡುಕುತ್ತಾ ಹೊತ್ತು ಕಳೆಯದೆ ಹರಿಯುವ ನೀರಿನಡಿ ಕಾಲುಗಂಟೆ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

4. ಮಕ್ಕಳಿಗೆ ಅವರ ಕೆಲಸ ಕೊಡಿ. ಸೋಡಾ ಇರುವ ಕೋಣೆಗೆ ಅವರು ಬರಬಾರದು. ಕಾಗದ ಸುತ್ತುವುದು, ಹೆಸರು ಬರೆಯುವುದು, ತಾರೀಖಿನ ಪುಸ್ತಕ ಇಡುವುದು ಅವರ ಪಾಲಿಗಿರಲಿ. ತಾವೇ ಸಾಬೂನು ಮಾಡಬೇಕೆಂದು ಹಟ ಹಿಡಿದರೆ ಕರಗಿಸಿ ಅಚ್ಚಿಗೆ ಸುರಿಯುವ ಸೋಪ್ ಬೇಸ್ ತಂದುಕೊಡಿ; ದೊಡ್ಡವರು ಕರಗಿಸಿಕೊಟ್ಟರೆ ಸಾಕು.

5. ಹದ ನೋಡಿ ನಿಲ್ಲಿಸಿ. ಎಣ್ಣೆಯೂ ಸೋಡಾ ನೀರೂ ಬೆಚ್ಚಗಿನ ಮಟ್ಟಕ್ಕೆ ಇಳಿದ ಮೇಲೆ ಕೂಡಿಸಿ ಹ್ಯಾಂಡ್ ಬ್ಲೆಂಡರಿನಿಂದ ಕಲಸಿ. ದೋಸೆ ಹಿಟ್ಟಿನಂತೆ ಗಟ್ಟಿಯಾಗಿ, ಮೇಲಿನಿಂದ ಬಿಟ್ಟ ಹನಿಯ ಗೆರೆ ಕ್ಷಣಕಾಲ ಮೇಲೆಯೇ ನಿಂತರೆ ಹದ ಬಂತು. ಕೊಬ್ಬರಿ ಸಾಬೂನು ಬೇಗ ಗಟ್ಟಿಯಾಗುತ್ತದೆ. ದೊಡ್ಡ ಅಚ್ಚಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಚಾಕು ಇಟ್ಟಲ್ಲೆಲ್ಲ ಚೂರಾಗುತ್ತದೆ. ಅಂದೇ ಕೊಯ್ಯಿರಿ, ಇಲ್ಲವೇ ಬಿಡಿ ಗೂಡುಗಳ ಸಿಲಿಕಾನ್ ಅಚ್ಚು ಬಳಸಿ.

6. ಆರು ವಾರ ಒಣಗಿಸಿ. ಗಾಳಿಯಾಡುವ ನೆರಳಲ್ಲಿ, ಒಂದಕ್ಕೊಂದು ತಾಗದಂತೆ ಜೋಡಿಸಿ. ನೀರು ಆರಿ ತೂಕ ಇಳಿಯುತ್ತದೆ, ಬಿಲ್ಲೆ ಗಟ್ಟಿಯಾಗಿ ಬಾಳಿಕೆ ಬರುತ್ತದೆ. ಲೇಬಲ್ಲಿಗೆ ಬರೆಯುವ ತೂಕ ಒಣಗಿದ ಮೇಲಿನದು.

7. ಪರಿಮಳ ಹಿತಮಿತವಾಗಿರಲಿ. 500 ಗ್ರಾಂ ಎಣ್ಣೆಗೆ ಲಾವಂಚ ಅಥವಾ ಮಜ್ಜಿಗೆ ಹುಲ್ಲಿನ ಎಣ್ಣೆ 15 ಗ್ರಾಂ ಮೀರದಿರಲಿ. ಕಿತ್ತಳೆ, ನಿಂಬೆಯ ಘಮ ಬೇಗ ಹಾರಿಹೋಗುತ್ತದೆ. ಅರಿಸಿನ ಹಾಕಿದರೆ ಸೋಡಾ ತಾಗಿ ಕೆಂಪಾಗುತ್ತದೆ, ಗಾಬರಿ ಬೇಡ.

8. ಮಾರುವ ಮೊದಲು ಕಾನೂನು ತಿಳಿಯಿರಿ. ಸ್ನಾನದ ಸಾಬೂನು ಕಾನೂನಿನಲ್ಲಿ ಕಾಸ್ಮೆಟಿಕ್. ಮಾರಾಟಕ್ಕೆ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ರಾಜ್ಯ ಪರವಾನಗಿ ಪ್ರಾಧಿಕಾರದ ಪರವಾನಗಿ ಬೇಕು. ಅದಕ್ಕೆ ತಕ್ಕ ಜಾಗವನ್ನೂ ತಾಂತ್ರಿಕ ಅರ್ಹತೆಯುಳ್ಳವರನ್ನೂ ತೋರಿಸಬೇಕು. ಅಲ್ಲಿಯವರೆಗೆ ನೆಂಟರಿಷ್ಟರಿಗೆ ಉಡುಗೊರೆ ಕೊಡಿ, ಅವರ ಮಾತು ಬರೆದಿಟ್ಟುಕೊಳ್ಳಿ. ಮಾರುವಾಗ ತಯಾರಕರ ವಿಳಾಸ, ತೂಕ, ತಯಾರಿಸಿದ ತಿಂಗಳು, ಎಂಆರ್‌ಪಿ ಲೇಬಲ್ಲಿನಲ್ಲಿ ಇರಲೇಬೇಕು. ಇಸಬು, ಮೊಡವೆ ವಾಸಿಯಾಗುತ್ತದೆ ಎಂದು ಬರೆಯಬೇಡಿ. ಅದು ಔಷಧದ ಮಾತಾಗುತ್ತದೆ. ಗಂಧದೆಣ್ಣೆ ಹಾಕಿದ್ದೀರೆಂದು ‘ಮೈಸೂರು ಸ್ಯಾಂಡಲ್’ ಎಂದು ಹೆಸರಿಡುವಂತೆಯೂ ಇಲ್ಲ. ಶತಮಾನಕ್ಕೂ ಹಳೆಯದಾದ ಆ ಸಾಬೂನಿಗೆ ಭೌಗೋಳಿಕ ಸೂಚಿಯ ರಕ್ಷಣೆಯಿದೆ. ಬೆಲೆ ಕಟ್ಟುವಾಗ ಎಣ್ಣೆ, ಸೋಡಾ, ಕಾಗದದ ಜೊತೆ ಮನೆಯವರ ದುಡಿಮೆಯ ಗಂಟೆಗಳನ್ನೂ ಸೇರಿಸಿ. ಅಮ್ಮ ಮಾಡಿದ ಕೆಲಸಕ್ಕೆ ಕೂಲಿ ಹಿಡಿಯದೆ ಬರೆದ ಲಾಭ ಲಾಭವಲ್ಲ.