ಕೀಲಿ ನಿನ್ನ ಕೈಯಲ್ಲಿ, ಗಂಟು ನಿನ್ನದಲ್ಲ

ತಮ್ಮಾ, ಕಲಬುರಗಿಯ ಕ್ರೈಸ್ತ ಸಭೆಗೆ ನಿನ್ನನ್ನು ಖಜಾಂಚಿಯಾಗಿ ಆರಿಸಿದ ಸುದ್ದಿ ಕಮಲಾಪುರಕ್ಕೂ ಮುಟ್ಟಿತು. ಸಂತೋಷವಾಯಿತು, ಸ್ವಲ್ಪ ದಿಗಿಲೂ ಆಯಿತು. ನಿನ್ನ ವಯಸ್ಸಿನಲ್ಲಿ ನಾನೂ ಇಲ್ಲಿ ಕಾಣಿಕೆ ಪೆಟ್ಟಿಗೆಯ ಕೀಲಿ ಹಿಡಿದಿದ್ದೆ. ಅದಕ್ಕೇ ನಾಲ್ಕು ಮಾತು.

ಮೊದಲು ನನ್ನ ತಪ್ಪು ಕೇಳು. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ತಗಡು ಗಾಳಿಗೆ ಹಾರಿಹೋಯಿತು. ಸಭೆಯ ಹಣ ನನ್ನ ಟ್ರಂಕಿನಲ್ಲೇ ಇತ್ತು. ಅದರಿಂದ ತಗಡು ತಂದೆ. ತೊಗರಿ ಮಾರಿದ ಮೇಲೆ ಒಂದು ರೂಪಾಯಿಯೂ ಕಡಿಮೆಯಾಗದಂತೆ ತಿರುಗಿ ಇಟ್ಟೆ. ಲೆಕ್ಕ ಒಪ್ಪಿಸಿದ ದಿನ ಎಲ್ಲವೂ ಸರಿ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಆದರೆ ನಡುವಿನ ಆರು ತಿಂಗಳು ಭಾನುವಾರದ ಕಾಣಿಕೆ ಚೀಲ ಎದುರಿಗೆ ಬಂದಾಗಲೆಲ್ಲ ನನ್ನ ತಲೆ ತಾನಾಗಿ ತಗ್ಗುತ್ತಿತ್ತು. ಮುದಿ ಕೂಲಿಯಾಕೆಯೊಬ್ಬಳು ಸೆರಗಿನ ಗಂಟು ಬಿಚ್ಚಿ ಹಾಕಿದ ನಾಣ್ಯ ನಮ್ಮ ಮನೆಯ ಮೇಲೆ ತಗಡಾಗಿ ಕೂತಿತ್ತು.

ನಮ್ಮ ಸತ್ಯವೇದ ಇಂಥ ಕೆಲಸದವನನ್ನು 'ಮನೆವಾರ್ತೆಯವನು' ಎನ್ನುತ್ತದೆ. ಮತ್ತೊಬ್ಬರ ಮನೆಯನ್ನು ನಡೆಸುವವನು ಎಂದರ್ಥ. ತಲಾಂತುಗಳ ಸಾಮ್ಯ ನಿನಗೆ ಗೊತ್ತು, ದೂರ ಹೋಗುವ ಯಜಮಾನ ಮೂವರು ಆಳುಗಳಿಗೆ ತನ್ನ ಹಣ ಒಪ್ಪಿಸಿದ ಕಥೆ. ಒಂದು ತಲಾಂತೆಂದರೆ ಆ ಕಾಲದ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಒಂದೇ ಸಿಕ್ಕವನಿಗೂ ಸಿಕ್ಕಿದ್ದು ಅಷ್ಟು ದೊಡ್ಡ ಗಂಟು. ಯಜಮಾನ ತಿರುಗಿ ಬಂದು ಮೂವರನ್ನೂ ಕೇಳಿದ್ದು ಲೆಕ್ಕವನ್ನು.

ಅಪೊಸ್ತಲ ಪೌಲನನ್ನೇ ನೋಡು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಅವನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನನ್ನೂ ಸೇರಿಸಿ ಕಳಿಸಿದ. ದೇವರ ಮುಂದೆ ಸರಿಯಿದ್ದರೆ ಸಾಲದು, ಜನರ ಕಣ್ಣಿಗೂ ಸರಿಯಾಗಿ ಕಾಣಬೇಕು ಎಂಬುದು ಅವನ ಎಚ್ಚರ. ಹಾಗಾಗಿ ನೀನೂ ಕಾಣಿಕೆಯನ್ನು ಒಬ್ಬನೇ ಎಣಿಸಬೇಡ. ಗುಡಿಯಲ್ಲೇ ಕೂತು ಇನ್ನಿಬ್ಬರ ಎದುರು ಎಣಿಸಿ ಮೂವರೂ ಸಹಿ ಹಾಕಿರಿ. ಹಣ ನಿನ್ನ ಮನೆಗೆ ಹೋಗಬಾರದು. ಸೋಮವಾರ ಬ್ಯಾಂಕಿಗೆ ಹೋಗಲಿ. ಐದು ರೂಪಾಯಿಯ ಖರ್ಚಿಗೂ ಚೀಟಿ ಇರಲಿ. ಇದನ್ನು ಅವಮಾನವೆಂದು ತಿಳಿಯಬೇಡ. ನನಗೆ ಅಂದು ಇಂಥ ಇಬ್ಬರು ಜೊತೆಗಿದ್ದಿದ್ದರೆ ಆ ಆರು ತಿಂಗಳು ತಲೆ ತಗ್ಗಿಸುವುದು ತಪ್ಪುತ್ತಿತ್ತು.

ಕೊಡುವವರ ಬದುಕನ್ನೂ ಅರಿತಿರು. ನಿಮ್ಮ ಪಟ್ಟಣದಲ್ಲಿ ತಿಂಗಳ ಸಂಬಳ. ನಮ್ಮ ಕಡೆ ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಗೆ. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಕೈ ಖಾಲಿ. ಹಣವಿಲ್ಲದಿದ್ದರೂ ಕೊಡುವ ದಾರಿಯುಂಟು. ಮಿಜೋರಾಂನ ಕ್ರೈಸ್ತ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ನೂರು ವರ್ಷಕ್ಕೂ ಮೇಲಿನಿಂದ ತಮ್ಮ ಸಭೆಯ ಕೆಲಸ ನಡೆಸುತ್ತಿದ್ದಾರೆ. ನಿಮ್ಮಲ್ಲೂ ಯಾರಾದರೂ ಹಿಡಿ ಜೋಳ ತಂದರೆ ಅದನ್ನೂ ಬರೆದುಕೋ. ದೊಡ್ಡ ಮೊತ್ತದವರ ಹೆಸರನ್ನಷ್ಟೇ ಗಟ್ಟಿಯಾಗಿ ಓದುವ ಚಟ ಬೇಡ. ವಿಧವೆಯ ಎರಡು ಕಾಸನ್ನು ಯೇಸು ಎಲ್ಲರ ಕಾಣಿಕೆಗಿಂತ ಹೆಚ್ಚೆಂದು ಎಣಿಸಿದ್ದನ್ನು ನೆನೆ.

ಗಂಟೆಂದರೆ ಹಣವೊಂದೇ ಅಲ್ಲ. ಸಮಾಧಿ ಭೂಮಿಯ ಪಹಣಿ ಯಾರ ಹೆಸರಿನಲ್ಲಿದೆ, ಹಳೆಯ ಕಾಗದಪತ್ರವನ್ನು ಯಾವ ಪೆಟ್ಟಿಗೆಯಲ್ಲಿ ಗೆದ್ದಲು ತಿನ್ನುತ್ತಿದೆ, ನೋಡು. ಸಭೆಯ ಅಂಗಳವೂ ಒಪ್ಪಿಸಿದ ಗಂಟೇ, ಕಲಬುರಗಿಯ ಬೇಸಿಗೆಯಲ್ಲಿ ಅದರ ಗೇಟಿನ ಬಳಿ ದಾರಿಹೋಕರಿಗೆ ಒಂದು ಅರವಟಿಗೆ ಇರಲಿ. ನಿನ್ನ ಓದೂ ನಿನಗೆ ಒಪ್ಪಿಸಿದ ತಲಾಂತೇ. ವಿಧವಾ ವೇತನದ ಅರ್ಜಿ ತುಂಬಲು ಬಾರದವರು ನಿನ್ನ ಪಕ್ಕದ ಬೆಂಚಿನಲ್ಲೇ ಕೂತಿರುತ್ತಾರೆ.

ಇನ್ನು ನಿನ್ನ ಸಂಬಳದ ಮಾತು. ಮೆಥಡಿಸ್ಟ್ ಸಭೆಗೆ ಮೂಲಪುರುಷನಾದ ಜಾನ್ ವೆಸ್ಲಿ ತಾನು ಕಂಡ ಲೆಕ್ಕವೊಂದನ್ನು ಹೇಳಿದ್ದಾನೆ. ಆಕ್ಸ್‌ಫರ್ಡಿನಲ್ಲಿ ಒಬ್ಬನಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28ರಲ್ಲಿ ಬದುಕಿ 2 ದಾನ ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಆ ಒಬ್ಬ ವೆಸ್ಲಿಯೇ ಎನ್ನುತ್ತಾರೆ. ಅಷ್ಟು ನಮ್ಮಿಂದಾಗದು. ಆದರೆ ಸಂಬಳ ಏರಿದಾಗ ಕಾಣಿಕೆಯೂ ಏರಿತೇ ಎಂದು ವರ್ಷಕ್ಕೊಮ್ಮೆ ಕೇಳಿಕೊಳ್ಳಬಹುದಲ್ಲ?

ತನ್ನದಲ್ಲದ ಗಂಟನ್ನು ಕಾಯುವ ಈ ಪಾಠ ನಮ್ಮ ನೆಲಕ್ಕೆ ಹೊರಗಿನದಲ್ಲ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಊರಿನವನು ನೀನು. ದಾಸೋಹದಲ್ಲಿ ನೀಡುವವನು ದಾನಿಯೆಂದು ಬೀಗುವುದಿಲ್ಲ, ದಾಸನೆಂದು ಬಾಗುತ್ತಾನೆ. ಮನೆವಾರ್ತೆಯವನ ನಿಲುವೂ ಅದೇ.

ಬರುವ ಭಾನುವಾರವೇ ಶುರುಮಾಡು. ತಿಂಗಳ ಜಮಾಖರ್ಚು ಬರೆದು ಬಾಗಿಲ ಬಳಿ ಅಂಟಿಸು. ಮುಂದಿನ ತಿಂಗಳು ಹುಮನಾಬಾದ್ ಕಡೆಯಿಂದ ಬರುವ ಬಸ್ಸು ಹತ್ತಿ ನಾನೂ ಅಲ್ಲಿಗೆ ಬರುತ್ತೇನೆ. ನಿನ್ನ ಮುಖ ನೋಡುವ ಮೊದಲು ನೋಟಿಸ್ ಬೋರ್ಡು ನೋಡುತ್ತೇನೆ.