ವೇಗೋತ್ಕರ್ಷವೂ ಕ್ಲಚ್ಚಿನ ಸವೆತವೂ

ಎತ್ತರದಿಂದ ಬಿಟ್ಟ ಕಲ್ಲಿಗೆ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗವನ್ನು ಪಡೆಯಲು ಸುಮಾರು 2.8 ಸೆಕೆಂಡು ಬೇಕು. 2005ರಲ್ಲಿ ಹೊರಬಂದ ಬುಗಾಟಿ ವೇರಾನ್ ಎಂಬ ಮೋಟಾರುಗಾಡಿ ನಿಂತಲ್ಲಿಂದ ಹೊರಟು 2.5 ಸೆಕೆಂಡುಗಳಲ್ಲಿ ಅದೇ ವೇಗವನ್ನು ಮುಟ್ಟುವುದೆಂದು ಅದರ ತಯಾರಕರು ಸಾರಿದರು. ಬೀಳುವ ಕಲ್ಲನ್ನೂ ಮೀರಿಸುವ ವೇಗೋತ್ಕರ್ಷವಿದು!

ಇದು ಸಾಧ್ಯವಾಗುವುದು ಹೇಗೆ? ಚಕ್ರಗಳಿಗೆ ಬಲವು ಹೆಚ್ಚಾದರೆ ಅವು ನಿಂತಲ್ಲಿಯೇ ಜಾರಿ ಸುತ್ತುವುವು, ಕಡಮೆಯಾದರೆ ಕಾಲಹರಣವಾಗುವುದು. ಇವೆರಡರ ನಡುವಣ ಹದವನ್ನು ಕಾಯುವ ವ್ಯವಸ್ಥೆಗೆ ‘ಲಾಂಚ್ ಕಂಟ್ರೋಲ್’ ಎಂದು ಹೆಸರು. ಆದರೆ ಹೊರಡುವ ಕ್ಷಣದಲ್ಲಿ ಎಂಜಿನ್ ರಭಸದಿಂದ ತಿರುಗುತ್ತಿರುವುದು, ಚಕ್ರಗಳೋ ನಿಶ್ಚಲವಾಗಿರುವುವು. ಇವೆರಡನ್ನೂ ಒಂದು ಹೊಂದಿಕೆಗೆ ತರುವವರೆಗೆ ಕ್ಲಚ್ಚಿನ ಬಿಲ್ಲೆಗಳು ಪರಸ್ಪರ ಉಜ್ಜಿಕೊಳ್ಳಲೇಬೇಕು. ಉಜ್ಜಿದಾಗ ಶಕ್ತಿಯ ಒಂದಂಶವು ಶಾಖವಾಗುವುದು, ಬಿಲ್ಲೆಗಳು ಸವೆಯುವುವು. ಪ್ರತಿಯೊಂದು ರಭಸದ ಹೊರಡುವಿಕೆಗೂ ಕ್ಲಚ್ಚು ಬೆಲೆ ತೆರುತ್ತದೆ.

ಅಳತೆಯಲ್ಲಿಯೂ ಎಚ್ಚರ ಬೇಕು. ಅಮೆರಿಕದ ಕೆಲವು ಪತ್ರಿಕೆಗಳು ಗಾಡಿಯು ಒಂದು ಅಡಿ ಸರಿದ ಬಳಿಕವೇ ಕಾಲವನ್ನು ಎಣಿಸಲು ತೊಡಗುವುವು. ಇಂಥ ಗಾಡಿಗೆ ಆ ಒಂದು ಅಡಿಯನ್ನು ಕ್ರಮಿಸಲು ಸುಮಾರು ಕಾಲು ಸೆಕೆಂಡು ಹಿಡಿಯುವುದು. 2.5 ಸೆಕೆಂಡಿನಲ್ಲಿ ಅದು ಹತ್ತನೆಯ ಒಂದು ಪಾಲು!

ಆದುದರಿಂದ ವಿದ್ಯಾರ್ಥಿಮಿತ್ರರೇ, ಅಂಕಿಯನ್ನು ಕಂಡೊಡನೆ ಬೆರಗಾಗಬೇಡಿರಿ. ಎಲ್ಲಿಂದ ಅಳೆದರು, ಏನನ್ನು ಸವೆಸಿ ಗಳಿಸಿದರು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿರಿ.